ತುಳಜಾಬಾಯಿ ಮಿಶ್ರಿ ಬಿಟ್ಟದ್ದು

ಜನವರಿ ೧೯, ಸೋಮವಾರ. ಜೇವರ್ಗಿ.

ತುಳಜಾಬಾಯಿ ಸುಳ್ಳು ಹೇಳಿದಳು. ಬೇರೆ ಯಾರೇ ಹೇಳಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಹೆಂಗಸರು ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ, ಈ ಮಿಶ್ರಿ, ಬಿಟ್ಟರೆ ವಸಡು ಎಷ್ಟು ಸುಧಾರಿಸುತ್ತದೆ ಎಂಬುದೇ ನನ್ನ ಸಂಶೋಧನೆ. ಕೊಳಕೂರಿನಲ್ಲಿ ಎಲ್ಲರಿಗಿಂತ ಮೊದಲು ಬಿಟ್ಟವಳು ಅವಳು. ಉಳಿದವರನ್ನು ಒಪ್ಪಿಸಿದವಳೂ ಅವಳೇ. ಅವಳ ಕೈಯ ರೊಟ್ಟಿ ತಿಂದಿದ್ದೇನೆ, ಅವ್ವ ಎಂದು ಕರೆದಿದ್ದೇನೆ. ಬಿಟ್ಟ ಹೊಸದರಲ್ಲಿ ವಸಡಿನಿಂದ ರಕ್ತ ಬರುತ್ತಿತ್ತು, ದೀಪಾವಳಿ ಹೊತ್ತಿಗೆ ನಿಂತಿತು. ನಾನು ಕುಣಿಯುವುದೊಂದು ಬಾಕಿ ಇತ್ತು.

ಇವತ್ತು ಮುಂಚಿತವಾಗಿ ಹೇಳದೆ ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಮಿಶ್ರಿ ತಿಕ್ಕುತ್ತಿದ್ದಳು, ಬೆರಳು ಕರ್ರಗೆ. ಡಬ್ಬಿ ಬಚ್ಚಿಡಲೂ ಇಲ್ಲ. ಸರಿದು ನನಗೆ ಜಾಗ ಕೊಟ್ಟಳು!

"ಬಿಟ್ಟೀನಿ ಅಂದಿದ್ದೆಲ್ಲವ್ವ?"

"ಖರೇನೇ ಬಿಟ್ಟಿದ್ದೆನ್ರಿ ಡಾಕ್ಟರವ್ವ. ಬಿಟ್ಟ ಮ್ಯಾಲ ರಕ್ತ ಬರಾಕತ್ತಿತು. ಅದನ್ನ ನೋಡಿ ನೀವು ಮಾರಿ ಸಣ್ಣ ಮಾಡಿದ್ರಿ. ಮತ್ತ ತಿಕ್ಕಿದೆ, ನಿಂತುಬಿಡ್ತು. ಎಷ್ಟು ಖುಷಿ ಆದ್ರಿ ನೀವು!"

ತಂಬಾಕು ರಕ್ತನಾಳವನ್ನು ಬಿಗಿಯುತ್ತದೆ. ಮೇಲೆ ರಕ್ತ ಕಾಣುವುದಿಲ್ಲ, ಒಳಗೆ ರೋಗ ಎಲುಬು ತಿನ್ನುತ್ತಲೇ ಇರುತ್ತದೆ. ಬಿಟ್ಟಾಗ ಬಂದ ರಕ್ತವೇ ವಸಡು ಚೇತರಿಸಿಕೊಳ್ಳುತ್ತಿದ್ದ ಗುರುತು. ಅದು ಗೊತ್ತಿದ್ದೂ ನನ್ನ ಮುಖ ಬಾಡಿತ್ತು.

ಆದರೂ ಸಿಟ್ಟು ಇಳಿದಿಲ್ಲ. ಅವಳೂ ಮೋಸ ಮಾಡಿದಳು, ಅವಳ ವಸಡೂ ಮಾಡಿತು. ನಾಳೆ ಸಂಶೋಧನೆಯ ಗೈಡ್ ಮುಂದೆ ಇದನ್ನು ಯಾವ ಬಾಯಿಂದ ಹೇಳಲಿ? ಇಷ್ಟು ದಿನ ನಾನು ಅವಳ ಬಾಯಿ ನೋಡುತ್ತಿದ್ದೆ. ಅವಳು ನನ್ನ ಮಾರಿ ನೋಡುತ್ತಿದ್ದಳು.