ಹೆಡ್‌ಫೋನ್ ನಿನ್ನ ಕಿವಿಯಲ್ಲಿದ್ದಾಗ

ಮನೆ, ಮೂರನೇ ಮಹಡಿ
ಸೋಮವಾರ, ತಾರೀಖು ಎಂಟು

ಪ್ರೀತಿಯ ಅಜ್ಜಿ,

ಸೊಂಟ ಹೇಗಿದೆ? ವಾಕರ್ ಹಿಡಿದು ಬಾಗಿಲವರೆಗೆ ನಡೆಯುತ್ತೀಯಂತೆ, ದೊಡ್ಡಮ್ಮ ಅಮ್ಮನಿಗೆ ಹೇಳಿದರು. ವಾಪಸ್ ಬರುವಾಗ ಅದನ್ನು ಅಲ್ಲೇ ಬಿಟ್ಟು ಗೋಡೆ ಹಿಡಿದು ಬರುತ್ತೀಯಂತೆ, ಅದನ್ನೂ ಹೇಳಿದರು. ಹಾಗೆ ಮಾಡಬೇಡ. ಇನ್ನೊಂದು ಸಲ ಬಿದ್ದರೆ ಡಾಕ್ಟರು ಬೈಯುವುದು ನಿನ್ನನ್ನಲ್ಲ, ದೊಡ್ಡಮ್ಮನನ್ನು. ಕಣ್ಣಿನ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೀಯಾ? ಈ ಕಾಗದ ಓದಲು ನಿನ್ನ ದೊಡ್ಡ ಭೂತಗನ್ನಡಿ ತೆಗೆದುಕೋ, ನನ್ನ ಅಕ್ಷರ ಮೊದಲಿನ ಹಾಗೇ ಇದೆ. ದೊಡ್ಡಮ್ಮನ ಕೈಲಿ ಮಾತ್ರ ಓದಿಸಬೇಡ.

ಅಮ್ಮ ಚೆನ್ನಾಗಿದ್ದಾಳೆ. ಆಸ್ಪತ್ರೆಯಲ್ಲಿ ಈ ತಿಂಗಳೂ ರಾತ್ರಿ ಪಾಳಿಯೇ. ಬೆಳಿಗ್ಗೆ ಬಂದು ಚಪ್ಪಲಿ ಬಿಡುವ ಮೊದಲೇ ನಿದ್ದೆ ಶುರುವಾಗಿರುತ್ತದೆ. ನನ್ನ ಲಿಫ್ಟ್ ರಿಪೇರಿ ಕೆಲಸಕ್ಕೆ ಏಳು ತಿಂಗಳಾಯಿತು. ನಾಲ್ಕನೇ ಕೆಲಸ ಇದು, ಮೂರು ತಿಂಗಳು ದಾಟಿದ್ದು ಇದೊಂದೇ. ನಮ್ಮ ಮೇಸ್ತ್ರಿ, 'ನಿನ್ನ ಕಾಲಲ್ಲಿ ಸ್ಪ್ರಿಂಗ್ ಇದೆ ಕಣೋ, ಮೆಟ್ಟಿಲು ಹತ್ತಿ ಇಳಿದು ಸವೆಯಲಿ' ಎಂದು ತಾರಸಿಯ ಮೋಟಾರು ಕೋಣೆಗೂ ಕೆಳಗಿನ ಗುಂಡಿಗೂ ನನ್ನನ್ನೇ ಓಡಿಸುತ್ತಾರೆ. ಊರಿನ ಲಿಫ್ಟುಗಳಿಗೆಲ್ಲ ಗ್ರೀಸ್ ಹಚ್ಚುವುದು ನಾನು, ನಿನ್ನನ್ನು ದೊಡ್ಡಮ್ಮನ ಮನೆಯಿಂದ ಇಲ್ಲಿಗೆ ವಾಪಸ್ ಕರೆತರೋಣವೆಂದರೆ ನಮ್ಮ ಕಟ್ಟಡಕ್ಕೇ ಲಿಫ್ಟಿಲ್ಲ. ನೀನು ಇಲ್ಲಿದ್ದಿದ್ದರೆ ಇದಕ್ಕೆ ಒಂದು ವಾರ ನಗುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ನಿನಗೆ ಈಗ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ನಾನು ಕಿರುಚಿದರೆ ಇಡೀ ಬೀದಿಗೆ ಕೇಳಿಸುತ್ತದೆ. ಕಿರುಚಿ ಕೇಳುವ ಪ್ರಶ್ನೆ ಅಲ್ಲ ಇದು. ಮುಂದಿನ ಭಾನುವಾರ ಅಪ್ಪ ನಮ್ಮ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುತ್ತಾರಂತೆ. ನಡುವೆ ಎರಡು ಗಂಟೆ ಇದೆಯಂತೆ. ಕ್ಯಾಂಟೀನಿನಲ್ಲಿ ಕೂತಿರುತ್ತೇನೆ, ಬಂದರೆ ಬರಲಿ ಎಂದು ಶುಕ್ರವಾರ ಚಿಕ್ಕಪ್ಪನ ಕೈಲಿ ಹೇಳಿಕಳಿಸಿದ್ದಾರೆ. ಹನ್ನೊಂದು ವರ್ಷದ ಮೇಲೆ ಎರಡು ಗಂಟೆ. ಅಮ್ಮನನ್ನು ಕೇಳಿದೆ. 'ನಿನ್ನಿಷ್ಟ' ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಹೋಗಬೇಕೋ ಬೇಡವೋ ಎನ್ನುವುದು ನೀನು ಒಂದು ಮಾತಿಗೆ ಕೊಡುವ ಉತ್ತರದ ಮೇಲೆ ನಿಂತಿದೆ. ಆ ಮಾತನ್ನು ನೇರವಾಗಿ ಕೇಳಿದರೆ ನೀನು ಜಾರಿಕೊಳ್ಳುತ್ತೀಯ, ನನಗೆ ಗೊತ್ತು. ಅದಕ್ಕೇ ಮೊದಲು ವಿಮಾನದ ಕಥೆ ಹೇಳಿಬಿಡುತ್ತೇನೆ.

ಅಜ್ಜಿ, ನಮ್ಮ ವಿಮಾನದ ಆಟ ಮುಗಿಸಿದೆ. ಹದಿನೆಂಟು ಹಂತಗಳನ್ನೂ.

ಎರಡು ವಾರದ ಹಿಂದೆ, ಭಾನುವಾರ ಮಧ್ಯಾಹ್ನ. ಅಮ್ಮನಿಗೆ ಅವತ್ತು ಆಸ್ಪತ್ರೆಯಲ್ಲಿ ಯಾರದೋ ಬದಲಿ ಡ್ಯೂಟಿ ಇತ್ತು, ಮನೆಯಲ್ಲಿ ನಾನೊಬ್ಬನೇ. ಅಪ್ಪ ಬಿಟ್ಟುಹೋದ ಸಾಮಾನಿನಲ್ಲಿ ಕೆಡದೆ ಉಳಿದದ್ದು ಆ ವಿಡಿಯೋ ಗೇಮ್ ಪೆಟ್ಟಿಗೆ ಒಂದೇ ಅಲ್ಲವಾ? ಧೂಳು ಒರೆಸಿ ಹಾಕಿದೆ. ಹದಿನಾಲ್ಕನೇ ಹಂತದಲ್ಲಿ, ಆ ಕಣಿವೆಯಲ್ಲಿ, ನಾವು ನಾಲ್ಕು ವರ್ಷ ಗುದ್ದಿಕೊಂಡು ಸತ್ತೆವಲ್ಲ, ಅಲ್ಲಿಂದಲೇ ಶುರು ಮಾಡಿದೆ.

ನಾವು ಆಡುತ್ತಿದ್ದ ರೀತಿ ಜಗತ್ತಿನಲ್ಲಿ ಬೇರೆ ಯಾರೂ ಆಡಿರಲಿಕ್ಕಿಲ್ಲ. ಕೋಣೆಯ ನಡುವಿನ ಬಟ್ಟೆ ಪರದೆಯ ಆಚೆ ಅಮ್ಮ ಹಗಲು ನಿದ್ದೆ ಮಾಡುತ್ತಿದ್ದಳು, ಆದ್ದರಿಂದ ಟಿ.ವಿ. ಮೂಕ. ಇದ್ದದ್ದು ಒಂದೇ ಹೆಡ್‌ಫೋನ್. ಅದು ನಿನ್ನ ತಲೆಯ ಮೇಲೆ. ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸಿದವಳು, ಬರಿಗಿವಿಯಲ್ಲಿ ಕೂರಲು ನಿನಗೆ ಬರುತ್ತಿರಲಿಲ್ಲ. ನನಗೆ ಆಗ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ, ಆಟದಲ್ಲಿ ಪೈಲಟ್‌ಗಳು ರೇಡಿಯೋದಲ್ಲಿ ಆಡುವ ಮಾತಿಗೆ ಕೆಳಗೆ ಅಕ್ಷರವೂ ಬರುತ್ತಿರಲಿಲ್ಲ. ನಾನು ಕಣ್ಣು, ನೀನು ಕಿವಿ. 'ಎಡಕ್ಕೆ, ಎಡಕ್ಕೆ! ಹಿಂದೆ ಒಬ್ಬ ಬಿದ್ದಿದಾನೆ, ಲೈನ್ ಸಿಗದ ಗಿರಾಕಿ ಥರ ಬೆನ್ನು ಬಿಡ್ತಾ ಇಲ್ಲ!' ಎಂದು ಪಿಸುಗುಟ್ಟುತ್ತಾ ನನ್ನ ತೊಡೆ ಚಿವುಟುತ್ತಿದ್ದೆ. ಎಡಗಡೆ ಎಂದರೆ ಎಡತೊಡೆ, ಬಲಗಡೆ ಎಂದರೆ ಬಲತೊಡೆ. ಶಾಲೆಯಲ್ಲಿ ಆಟದ ಮೇಷ್ಟ್ರು ಆ ಕಲೆ ನೋಡಿ 'ಮನೇಲಿ ಹೊಡೀತಾರೇನೋ?' ಎಂದು ಕೇಳಿದ್ದರು.

ನಾನು ಯಾರನ್ನಾದರೂ ಹೊಡೆದು ಬೀಳಿಸಿದಾಗ ನೀನು ತಪ್ಪದೆ ಒಂದು ಮಾತು ಹೇಳುತ್ತಿದ್ದೆ. 'ಕೊಡೆ ಬಿಚ್ಚಿದ, ಇಳಿದ.' ಪ್ಯಾರಾಚೂಟ್ ಎನ್ನದೆ ಕೊಡೆ ಎನ್ನುತ್ತಿದ್ದೆ. ಟಿ.ವಿ. ಪರದೆಯ ಮೇಲೆ ಒಂದು ಚುಕ್ಕಿ ಹೊಗೆ ಮಾತ್ರ ಕಾಣುತ್ತಿತ್ತು. ನೀನು ಇಳಿದ ಅಂದರೆ ಇಳಿದ. ನಾನು ಮುಂದಿನವನನ್ನು ಹುಡುಕುತ್ತಿದ್ದೆ.

ಈ ಸಲ ಹೆಡ್‌ಫೋನ್ ನಾನೇ ಹಾಕಿಕೊಂಡೆ. ಲಿಫ್ಟಿನ ಮ್ಯಾನ್ಯುಯಲ್ ಓದಿ ಓದಿ, ಮೇಸ್ತ್ರಿಗೆ ಓದಿ ಹೇಳಿ, ಈಗ ನನಗೆ ಇಂಗ್ಲಿಷ್ ಸಾಕಷ್ಟು ತಿಳಿಯುತ್ತದೆ. ಹದಿನೆಂಟನೇ ಹಂತ ಸಮುದ್ರದ ಮೇಲೆ. ಬೂದು ರೆಕ್ಕೆಯ ಆರು ವಿಮಾನ. ಅವರ ನಾಯಕನಿಗೆ ನೀನು ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದೆ, ಪ್ರತಿ ಹಂತದಲ್ಲೂ ಬಂದು ತನ್ನವರ ಹಾಜರಿ ತೆಗೆದುಕೊಳ್ಳುತ್ತಾನೆ ಎಂದು. ನಾನು ಒಬ್ಬಿಬ್ಬರನ್ನು ಬೀಳಿಸಿದ ಮೇಲೂ, 'ಹಾಜರಿ ಆಯ್ತು ಕಣೋ, ಎಲ್ಲರೂ ಹಾಜರ್. ಕೆಳಗಿನಿಂದಾನೇ ಕೈ ಎತ್ತಿದಾರೆ' ಎನ್ನುತ್ತಿದ್ದೆ. ನಾವು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು.

ಅವನು ಹಾಜರಿ ತೆಗೆದುಕೊಳ್ಳುವುದು ನಿಜ ಅಜ್ಜಿ. ಎರಡು ಎನ್ನುತ್ತಾನೆ, ಕಾಯುತ್ತಾನೆ. ಮೂರು ಎನ್ನುತ್ತಾನೆ, ಕಾಯುತ್ತಾನೆ. ಯಾರೂ ಓ ಎನ್ನುವುದಿಲ್ಲ. ಆರರವರೆಗೆ ಕೂಗಿ ಮತ್ತೆ ಎರಡರಿಂದ ಶುರು ಮಾಡುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ, ಬಸ್ಸು ಹೊರಡುವ ಮುಂಚೆ ಮಕ್ಕಳನ್ನು ಎಣಿಸಿದ ಹಾಗೆ ಕೂಗುತ್ತಾನೆ. ಆಕಾಶದಲ್ಲಿ ಉಳಿದದ್ದು ಅವನು ಮತ್ತು ನಾನು. ಹೊಡೆಯದೆ ಸುಮ್ಮನೆ ಸುತ್ತು ಹಾಕಿದೆ. ಟೈಮ್ ಮುಗಿದು ಸೋತೆ. ಇನ್ನೊಂದು ಸಲ ಆಡಿ ಹಾಗೇ ಮಾಡಿದೆ, ಮತ್ತೆ ಸೋತೆ. ಅವನನ್ನು ಬಿಟ್ಟುಬಿಡುವ ದಾರಿ ಆ ಆಟದಲ್ಲಿ ಇಟ್ಟಿಲ್ಲ. ಮೂರನೇ ಸಲಕ್ಕೆ ಬಟನ್ ಒತ್ತಿದೆ. ಮನಸ್ಸಿಲ್ಲದೆ ಒತ್ತಿದೆ ಎಂದರೆ ಸುಳ್ಳಾಗುತ್ತದೆ, ಆಟ ಮುಗಿಯಬೇಕು ಅನ್ನಿಸಿತ್ತು. ಆಮೇಲೆ ಆಟ ತಯಾರಿಸಿದವರ ಹೆಸರುಗಳು ಮೇಲಕ್ಕೆ ಹೋದವು. ನನ್ನ ವಿಮಾನ ತನ್ನಷ್ಟಕ್ಕೆ ಹಾರುತ್ತಿತ್ತು, ಬಟನ್ ಯಾವುದೂ ಕೆಲಸ ಮಾಡಲಿಲ್ಲ. ಕೆಳಗೆ ಸಮುದ್ರ, ಎಲ್ಲೂ ಒಂದೂ ಕೊಡೆ ಇರಲಿಲ್ಲ. ಹತ್ತು ವರ್ಷ ಕಾದ ಗೆಲುವು, ಎದ್ದು ಕುಣಿಯುತ್ತೇನೆ ಅಂದುಕೊಂಡಿದ್ದೆ. ಎದ್ದು ಕೆಳಗಿನವರೆಗೆ ಮೆಟ್ಟಿಲು ಇಳಿದು, ಹತ್ತಿ ಬಂದೆ. ಮತ್ತೊಂದು ಸಲ ಇಳಿದು ಹತ್ತಿದೆ.

ಆ ವಾರವೆಲ್ಲ ಕೆಲಸದಿಂದ ಬಂದು ಮೊದಲ ಹಂತದಿಂದ ಮತ್ತೆ ಆಡಿದೆ, ಕೇಳಿಸಿಕೊಳ್ಳಲಿಕ್ಕೆಂದೇ. ನಮ್ಮ ಪಕ್ಕದಲ್ಲಿ ಹಾರುತ್ತಿದ್ದ ನಮ್ಮವನು, ನೀನು 'ಪಕ್ಕದ್ಮನೆಯವನು' ಎನ್ನುತ್ತಿದ್ದವನು, ನಾಲ್ಕನೇ ಹಂತದ ಆಮೇಲೆ ಕಾಣಿಸಲೇ ಇಲ್ಲವಲ್ಲ. ಕೇಳಿದ್ದಕ್ಕೆ 'ಅವನಿಗೆ ಮದುವೆ ಗೊತ್ತಾಯ್ತಂತೆ, ರಜಾ ಹಾಕಿದಾನೆ' ಎಂದಿದ್ದೆ. ಹತ್ತನೇ ಹಂತ ಬರುವಷ್ಟರಲ್ಲಿ ಅವನಿಗೆ ಮಗು ಬೇರೆ ಹುಟ್ಟಿಸಿದ್ದೆ, ಹೆಣ್ಣು ಮಗು. ಅವನು ನಾಲ್ಕನೇ ಹಂತದಲ್ಲಿ ಸಾಯುತ್ತಾನೆ ಅಜ್ಜಿ. ಸಾಯುವಾಗ ನನ್ನನ್ನೇ ಕರೆಯುತ್ತಾನೆ. ಹಿಂದೆ ನೋಡು ಎಂದು ಎಚ್ಚರಿಸಿ, ಅಷ್ಟರಲ್ಲಿ ಮಾತು ಕಡಿದುಹೋಗುತ್ತದೆ. ನೀನು ಅದನ್ನು ಕೇಳಿಸಿಕೊಂಡು, ಮುಖ ಒಂದಿಷ್ಟೂ ಬದಲಿಸದೆ, ನನ್ನ ತೊಡೆ ಚಿವುಟಿದ್ದೆ. ಮಾತು ಬಿಟ್ಟು ಎಚ್ಚರಿಕೆ ಮಾತ್ರ ನನಗೆ ದಾಟಿಸಿದೆ.

ನನಗೆ ಸಿಟ್ಟು ಬಂತು. ಎರಡು ದಿನ ಇತ್ತು. ಶಾಲೆ ಬಿಟ್ಟದ್ದು ಯಾಕೆ ಅಂತ ನಿನಗೆ ಗೊತ್ತಲ್ಲ. ಮಾಡದ ತಪ್ಪಿಗೆ ಕ್ಷಮಾಪಣೆ ಬರೆದುಕೊಡು ಅಂದರು, ಬರೆಯಲಿಲ್ಲ. ಆಮೇಲೆ ವಾಪಸ್ ಕರೆದಾಗ ಹೋಗದೆ ಇದ್ದದ್ದು ಸೋಮಾರಿತನ, ಅದಕ್ಕೆ ಬಣ್ಣ ಹಚ್ಚುವುದಿಲ್ಲ. ಅಂಥವನ ಕಿವಿಗೆ ನನ್ನ ಅಜ್ಜಿಯೇ ಹತ್ತು ವರ್ಷ ಸುಳ್ಳು ಹಾಕಿದಳು ಅನ್ನಿಸಿತು. ಆದರೆ ಒಂದನ್ನು ಒಪ್ಪಿಕೊಳ್ಳಬೇಕು. ಅವರೆಲ್ಲ ಸಾಯುತ್ತಾರೆ ಎಂದು ನೀನು ಆಗಲೇ ಹೇಳಿದ್ದರೂ ನಾನು ಆಟ ನಿಲ್ಲಿಸುತ್ತಿರಲಿಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಅದು ಇನ್ನೂ ಹೆಚ್ಚು ಮಜಾ ಕೊಡುತ್ತಿತ್ತು. ಹಾಗೆ ಆಗಬಾರದು ಅಂತಲೇ ನೀನು ಕೊಡೆ ಬಿಚ್ಚಿಸುತ್ತಿದ್ದೆಯೋ ಏನೋ. ಗೊತ್ತಿಲ್ಲ. ನಿನ್ನನ್ನು ಕ್ಷಮಿಸುವುದಕ್ಕೆ ನಾನು ಯಾರು, ಆದರೆ ಆಟದ ಮಟ್ಟಿಗೆ ನನ್ನ ಸಿಟ್ಟು ಇಳಿದಿದೆ.

ಆಟದ ಮಟ್ಟಿಗೆ ಎಂದೆ. ಶುಕ್ರವಾರ ಅಪ್ಪನ ಸುದ್ದಿ ಬಂದಾಗ ಇನ್ನೊಂದು ನೆನಪಾಯಿತು. ಅಪ್ಪ ಹೋದ ಮೇಲೆ ಎರಡು ವರ್ಷ, ಮನೆಯ ಫೋನ್ ತೆಗೆಸುವವರೆಗೂ, ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಬರುತ್ತಿತ್ತು. ಅಮ್ಮ ಎತ್ತುತ್ತಿರಲಿಲ್ಲ. ನೀನು ಎತ್ತುತ್ತಿದ್ದೆ. ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ತಲೆ ಸವರುತ್ತಾ ಹೇಳುತ್ತಿದ್ದೆ. 'ಅಪ್ಪ ಕಣೋ. ನಿನ್ನ ಮುಂದಿನ ಹಲ್ಲು ಬಂತಾ ಅಂತ ಕೇಳ್ತಿದಾನೆ. ಸೈಕಲ್ ಕಲಿತ್ಯಾ ಅಂತೆ. ಜ್ವರ ಬಿಡ್ತಾ ಅಂತೆ.' ಕೊಡು ಎಂದು ಕೈ ಚಾಚಿದರೆ 'ಲೈನ್ ಸರಿ ಇಲ್ಲ, ನಿಂಗೆ ಕೇಳ್ಸಲ್ಲ' ಎನ್ನುತ್ತಿದ್ದೆ. ಎಕ್ಸ್‌ಚೇಂಜಿನವಳು ಹೇಳಿದ ಮೇಲೆ ಲೈನ್ ಸರಿ ಇಲ್ಲ ಎಂದೇ ಅರ್ಥ. ಒಂದು ಸಲವೂ ರಿಸೀವರ್ ನನ್ನ ಕೈಗೆ ಬರಲಿಲ್ಲ.

ಆ ಎರಡು ವರ್ಷದ ಮಾತನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ ಅಜ್ಜಿ. ಬಿಟ್ಟು ಹೋದರೂ ಹಲ್ಲಿನ ಲೆಕ್ಕ ಇಟ್ಟ ಮನುಷ್ಯ ಎಂದು ಯಾರ ಹತ್ತಿರ ಬೇಕಾದರೂ ಅವರ ಪರ ಜಗಳಾಡಿದ್ದೇನೆ. ಅಮ್ಮನ ಹತ್ತಿರವೂ. ಒಮ್ಮೆ ಅವಳು ಅತ್ತಳು, ನಾನು ಬಾಯಿ ಮುಚ್ಚಲಿಲ್ಲ. ಈಗ ನಿನ್ನ ಕಿವಿಯಿಂದ ಬಾಯಿಗೆ ಬರುವಷ್ಟರಲ್ಲಿ ಮಾತು ಏನಾಗುತ್ತದೆ ಎಂದು ಗೊತ್ತಾಗಿದೆ. ನನ್ನ ಪ್ರಶ್ನೆ ಇಷ್ಟೇ: ಅವರು ನಿಜವಾಗಿ ನನ್ನನ್ನು ಕೇಳಿದ್ದರಾ? ಕೇಳಿದ್ದರೆ ಭಾನುವಾರ ಹೋಗುತ್ತೇನೆ. ಇಲ್ಲವಾದರೆ ಆ ಎರಡು ಗಂಟೆ ಅವರೊಬ್ಬರೇ ಕಾಫಿ ಕುಡಿಯಲಿ. ನನಗೆ ನೋವಾಗುತ್ತದೆ ಅಂತ ಬದಲಾಯಿಸಬೇಡ. ಈ ಒಂದು ಸಲ ಕೇಳಿದ್ದನ್ನು ಕೇಳಿದ ಹಾಗೇ ದಾಟಿಸು. ಇದು ಬುಧವಾರ ಕೈಸೇರುತ್ತದೆ, ಅವತ್ತೇ ಬರೆದು ಹಾಕಿಸಿದರೆ ಶನಿವಾರಕ್ಕೆ ನನಗೆ ಸಿಗುತ್ತದೆ.

ದೊಡ್ಡಮ್ಮ, ದೊಡ್ಡಪ್ಪನಿಗೆ ನನ್ನ ನಮಸ್ಕಾರ ಹೇಳು. ವಾಕರ್ ಬಿಡಬೇಡ. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ, ಬೈಯುವುದಿದ್ದರೆ ಅದನ್ನೂ ಅದೇ ಕಾಗದದಲ್ಲಿ ಬರೆ.

ಇತಿ,
ನಿನ್ನ ಕಾಲು ನಿಲ್ಲದ ಮೊಮ್ಮಗ

ಇದು ಮರೆತು ಬಿಟ್ಟದ್ದಲ್ಲ, ಈಗ ಗೊತ್ತಾದದ್ದು: ಕವರಿಗೆ ಅಂಟು ಹಚ್ಚುವಾಗ ಅಮ್ಮ ಎದ್ದು ಬಂದಳು. ಯಾರಿಗೆ ಅಂದಳು. ಮುಚ್ಚಿಡಲು ಬರಲಿಲ್ಲ, ಓದಲು ಕೊಟ್ಟೆ. ನಿಂತೇ ಓದಿದಳು. ಅಪ್ಪ ಮಾಡಿದ್ದು ಮೂರೇ ಫೋನಂತೆ. ನಾಲ್ಕನೇ ತಿಂಗಳು ನಾನು ಹತ್ತರಿಂದ ಸಂಜೆವರೆಗೆ ಫೋನಿನ ಪಕ್ಕ ಕೂತು ತಟ್ಟೆ ಮುಟ್ಟಲಿಲ್ಲವಂತೆ. ಐದನೇ ತಿಂಗಳಿಂದ ಪ್ರತಿ ಮೊದಲ ಭಾನುವಾರ ಫೋನ್ ಮಾಡಿದ್ದು ಎಕ್ಸ್‌ಚೇಂಜಿನಲ್ಲಿ ನಿನ್ನ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದ ಗೆಳತಿಯಂತೆ, ನೀನು ಹೇಳಿ ಮಾಡಿಸಿದ್ದಂತೆ. ಅಮ್ಮ ಇಷ್ಟು ಹೇಳಿ ಹೋಗಿ ಮುಖ ತೊಳೆದಳು. ಕಾಗದ ಹರಿಯೋಣ ಅಂದುಕೊಂಡೆ, ಬರೆದದ್ದು ಬರೆದದ್ದು, ಹಾಕುತ್ತಿದ್ದೇನೆ. ಹಾಗಾದರೆ ಹಲ್ಲು ಬಂತಾ ಅಂತ ಕೇಳುತ್ತಿದ್ದವಳು ನೀನು. ಬಂತು ಅಜ್ಜಿ, ಎಲ್ಲವೂ ಬಂದವು. ಅಮ್ಮನ ಹತ್ತಿರ ನಾನು ಇನ್ನೂ ಏನೂ ಮಾತಾಡಿಲ್ಲ, ಆಡುತ್ತೇನೆ. ಇನ್ನು ನೀನು ಉತ್ತರ ಬರೆಯಬೇಕಾಗಿಲ್ಲ. ಭಾನುವಾರ ಹೋಗುತ್ತೇನೆ. ಮೊದಲು ಒಂದೇ ಮಾತು ಕೇಳುತ್ತೇನೆ, ಎಷ್ಟು ಸಲ ಫೋನ್ ಮಾಡಿದ್ರಿ ಅಂತ. ತಿಂಗಳು ತಿಂಗಳೂ ಮಾಡ್ತಿದ್ದೆ ಅಂದರೆ ಎದ್ದು ಬರುತ್ತೇನೆ. ಮೂರೇ ಸಲ ಅಂದರೆ ಅವರ ಗಾಡಿ ಬರುವವರೆಗೂ ಕೂತಿರುತ್ತೇನೆ.