ರವಿವಾರ ಮುಂಜಾನೆಯ ಬಡಿದಾಟ

ಅತ್ತೀ,

ನೀವು ಹೋದ ಮೇಲೆ ಈ ಮನೆಯಲ್ಲಿ ರವಿವಾರ ಮುಂಜಾನೆ ಯಾರೂ ಯಾರನ್ನೂ ಹೊಡೆದಿಲ್ಲ. ಟಿವಿ ಹಚ್ಚಿಲ್ಲ ಎಂದು ಅರ್ಥ. ಉಳಿದದ್ದೆಲ್ಲ ಇದ್ದ ಹಾಗೇ ಇದೆ. ಹಾಲಿನವನು ಬರುತ್ತಾನೆ. ನಿಮ್ಮ ಮಗ ಅಮರಗೋಳದ ಮಾರ್ಕೆಟ್ಟಿನ ಅಡತಿ ಅಂಗಡಿಗೆ ಹೋಗಿ ಅಂಗಿಯ ತುಂಬ ಹತ್ತಿಯ ಧೂಳು ಹೊತ್ತುಕೊಂಡು ಬರುತ್ತಾರೆ. ನಾನು ರೊಟ್ಟಿ ಬಡಿಯುತ್ತೇನೆ. ಕಳೆದ ಶನಿವಾರ ಹಂಚು ತಾಗಿ ಬೆರಳಿಗೆ ಗುಳ್ಳೆ ಎದ್ದಿತ್ತು, ಅದನ್ನು ನಾನು ನೋಡಿದ್ದು ಸಂಜೆ ಪಾತ್ರೆ ತೊಳೆಯುವಾಗ. ಸುಟ್ಟದ್ದು ಗೊತ್ತೇ ಆಗಲಿಲ್ಲ.

ನಿಮ್ಮನ್ನು ಸತ್ತೂರಿನ ಆಸ್ಪತ್ರೆಯಿಂದ ಮನೆಗೆ ತಂದು, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರಲ್ಲ, ಆ ಹೊತ್ತು ಕಣ್ಣಿಗೆ ಕಟ್ಟಿದೆ. ಭಜನೆಯವರು ಹಾಡುತ್ತಿದ್ದರು. ಓಣಿಯ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಮನೆಯ ನೀಲವ್ವ ನನ್ನ ಬೆನ್ನು ಸವರಿ, "ಅತ್ತಬಿಡವಾ, ಅತ್ತರ ಎದಿ ಹಗುರಾಗ್ತದ" ಎಂದಳು. ನಾನು "ಹೂಂರಿ" ಎಂದೆ. ಆದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಸೋಫಾದ ಮೇಲೆ ಕೂತಂತೆಯೇ ಕೂತಿದ್ದೀರಿ, ಎದುರಿಗೆ ಟಿವಿ ಇದೆ, ರಿಮೋಟ್ ಎಲ್ಲಿಟ್ಟೆ? ಹೆಣದ ಮುಂದೆ ಕೂತು ಯಾರಾದರೂ ರಿಮೋಟಿನ ವಿಚಾರ ಮಾಡುತ್ತಾರೆಯೇ? ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳಂತೆ ಎಂದು ಗಾದೆ ಇದೆ. ನನಗೆ ಆರು ತಿಂಗಳೂ ಸಾಲುವಂತೆ ಕಾಣುವುದಿಲ್ಲ.

ಅಳು ಯಾಕೆ ಬರಲಿಲ್ಲ ಎಂದು ಕುಳಿತು ವಿಚಾರ ಮಾಡಿದ್ದೇನೆ. ನೀವು ನನ್ನನ್ನು ಬೈದದ್ದಿಲ್ಲ, ಹೊಗಳಿದ್ದೂ ಇಲ್ಲ. "ಹೂಂ", "ಇಡು", "ಉಪ್ಪು ಸ್ವಲ್ಪ ಮುಂದಾಗೇದ". ಇಷ್ಟು ವರ್ಷ ಇಷ್ಟರಲ್ಲೇ ಮುಗಿಸಿದಿರಿ. ನಾನು ಮಾತಿನ ಮನೆಯಿಂದ ಬಂದವಳು. ಧಾರವಾಡದ ನಮ್ಮ ಮನೆಯಲ್ಲಿ ಹುಣಸೆಹಣ್ಣು ಹುಳಿಯಾಗಿದೆ ಎಂದು ಹೇಳುವುದಕ್ಕೂ ಅರ್ಧ ತಾಸು ಬೇಕು. ಹಾಗಾಗಿ ನಿಮ್ಮ ಜೊತೆ ಇದ್ದಷ್ಟು ದಿನ ಒಂದು ಪ್ರಶ್ನೆ ಕೇಳದೆಯೇ ಉಳಿದಿತ್ತು. ನಾನು ನಿಮಗೆ ಬೇಕಾಗಿದ್ದೆನೇ, ಇಲ್ಲ ಮಗ ಕಟ್ಟಿಕೊಂಡು ಬಂದಿದ್ದಾನೆ ಎಂದು ಸುಮ್ಮನಿದ್ದಿರಾ? ಕೇಳಬೇಕು, ಕೇಳಬೇಕು ಎನ್ನುತ್ತಿರುವಾಗಲೇ ನಿಮಗೆ ಲಕ್ವಾ ಹೊಡೆದು, ಹೇಳಬೇಕಾದ ಬಾಯಿಯೇ...

ಆ ಮೊದಲ ರವಿವಾರ ನೆನಪಿದೆಯೇ? ನಮ್ಮವ್ವ ತೀರಿಕೊಂಡು ಎರಡೋ ಮೂರೋ ತಿಂಗಳಾಗಿತ್ತು. ನಿಮ್ಮ ಮಗ ಯಾವುದೋ ಚಾನೆಲ್ ಹಚ್ಚಿಕೊಂಡು ಕೂತಿದ್ದರು. ಹತ್ತಿಯ ಲಾರಿ ಬಂದಿದೆ ಎಂದು ಫೋನ್ ಬಂದದ್ದೇ ತಡ, ಟಿವಿ ಆರಿಸದೆ ಎದ್ದು ಹೋದರು. ನಾನು ನೆಲದ ಮೇಲೆ ಕೂತು, ಎಲೆ ಬಿಡಿಸಿ ಮೆಂತ್ಯದ ಪಲ್ಯೆ ಸೋಸುತ್ತಿದ್ದೆ. ನೀವು ಲಿಂಗಪೂಜೆ ಮುಗಿಸಿ ಬಂದು ಸೋಫಾದ ಮೇಲೆ ಕೂತಿರಿ. ಟಿವಿಯಲ್ಲಿ ಜಾಳಿಗೆಯ ಪಂಜರ, ಒಳಗೆ ಚಡ್ಡಿ ಹಾಕಿದ ಇಬ್ಬರು ಗಂಡಸರು. ಒಬ್ಬ ಇನ್ನೊಬ್ಬನನ್ನು ಎತ್ತಿ ಧೊಪ್ಪನೆ ಕೆಡವಿದ. ನೀವು ಕೈ ಝಾಡಿಸಿ, "ಚಿತ್! ಬೆನ್ನು ನೆಲಕ್ಕ ಹತ್ತಿತು, ಮುಗೀತು" ಎಂದಿರಿ. ಆದರೆ ಮೇಲಿದ್ದವನು ಅವನ ಎದೆಯ ಮೇಲೆ ಕೂತು ಗುದ್ದತೊಡಗಿದ. "ಅಯ್ಯ ಅಯ್ಯ! ಬೆನ್ನು ಹತ್ತೇದ, ಇನ್ನ್ಯಾಕ ಬಡಿತಾನ ಈ ಮೂಳ? ಪಂಚರು ಎಲ್ಲಿ ಹ್ವಾದ್ರು?" ಎಂದು ನೀವು ಎದ್ದೇ ನಿಂತಿರಿ. ನಿಮ್ಮಪ್ಪ ಶಿರಗುಪ್ಪಿಯ ಪೈಲ್ವಾನರು. ಎರಡೂ ಭುಜ ಮಣ್ಣಿಗೆ ತಾಗಿದವೆಂದರೆ ಪಂಚರು ತೀರ್ಪು ಕೊಟ್ಟು, ಹಲಗೆ ಬಾರಿಸಿ, ಗೆದ್ದವನ ತಲೆಗೆ ಪಟಕಾ ಸುತ್ತಿಬಿಡುವ ಕುಸ್ತಿ ಅವರದು. ಬಿದ್ದವನನ್ನು ಮತ್ತೆ ಹೊಡೆಯುವ ಆಟವೂ ಇದೆ ಎಂದು ನಿಮಗಾದರೂ ಹೇಗೆ ಗೊತ್ತಿರಬೇಕು?

ಮುಂದಿನ ರವಿವಾರ ನೋಡುತ್ತೇನೆ, ಅದೇ ಹೊತ್ತಿಗೆ ಅದೇ ಚಾನೆಲ್ ಹಚ್ಚಿದೆ, ನೀವು ಕೂತಿದ್ದೀರಿ. ಅಮೆರಿಕದವರು ಶನಿವಾರ ರಾತ್ರಿ ಬಡಿದಾಡಿದರೆ ಅದು ಹುಬ್ಬಳ್ಳಿಯಲ್ಲಿ ರವಿವಾರ ಮುಂಜಾನೆ ಅವಲಕ್ಕಿಯ ಹೊತ್ತಿಗೆ ಬರುತ್ತದಂತೆ. ಪೈಲ್ವಾನರ ಮಗಳು, ತವರು ನೆನಪಾಗುತ್ತಿರಬೇಕು ಎಂದುಕೊಂಡೆ. ನಾನೂ ಪಕ್ಕದಲ್ಲಿ ಬಂದು ಕೂತೆ. ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು.

ಅಷ್ಟು ನೋಡಿ ನಾನು ಕಲಿತದ್ದೇನು? ಒಬ್ಬ ಆಟಗಾರನ ಹೆಸರೂ ಇವತ್ತಿಗೆ ನೆಟ್ಟಗೆ ಬಾರದು. ನಮ್ಮಿಬ್ಬರ ಪಾಲಿಗೆ ಅವರು ಕರಿಚಡ್ಡಿ, ಗಡ್ಡದಪ್ಪ, ಮೈತುಂಬ ಹಚ್ಚೆಯವ. ಬಡಿದಾಟದ ಮೊದಲು ಅವರನ್ನು ತೂಕಕ್ಕೆ ನಿಲ್ಲಿಸುವುದನ್ನು ತೋರಿಸಿದರೆ ನೀವು, "ಅಡತಿ ಅಂಗಡ್ಯಾಗ ಹತ್ತಿ ಅಂಡಿಗಿನೂ ಇಷ್ಟು ಕಾಳಜಿಲೆ ತೂಗೂದಿಲ್ಲ" ಎನ್ನುತ್ತಿದ್ದಿರಿ. ನಡುವೆ ಸ್ಟೂಲಿನ ಮೇಲೆ ಕೂಡಿಸಿ ಹುಬ್ಬಿಗೆ ವ್ಯಾಸಲಿನ್ ಬಳಿಯುವಾಗ, "ಹೋಳಿಗಿಗೆ ತುಪ್ಪ ಹಚ್ಚಾಕತ್ತಾರ ನೋಡು" ಎಂದದ್ದೂ ನೀವೇ. ಇಬ್ಬರು ಒಬ್ಬರನ್ನೊಬ್ಬರು ಅವಚಿಕೊಂಡು ನೆಲದ ಮೇಲೆ ಅಲ್ಲಾಡದೆ ಬಿದ್ದಿದ್ದಾಗ ನಾನು, "ಏನು ಮಾಡಾಕತ್ತಾರ್ರೀ ಇವ್ರು?" ಎಂದು ಕೇಳಿದ್ದೆ. "ನಿದ್ದಿ ಹತ್ತಿರಬೇಕು" ಎಂದಿರಿ. ಹೆಣ್ಣುಮಕ್ಕಳ ಬಡಿದಾಟ ಬಂದರೆ ನಿಮ್ಮ ಕಣ್ಣೆಲ್ಲ ಅವರ ಜಡೆಯ ಮೇಲೆ. "ಯಾವ ತಾಯಿ ಹೆಣದಾಳೋ, ಇಷ್ಟು ಬಡಿಸಿಕೊಂಡ್ರೂ ಒಂದು ಕೂದಲಾ ಸಡ್ಲಾಗಿಲ್ಲ." ಕಡೆಗೆ ಮೂಗಿನಿಂದ ರಕ್ತ ಸುರಿಸಿಕೊಂಡು ಇಬ್ಬರೂ ತಬ್ಬಿಕೊಂಡರೆ ನಿಮಗೆ ಸಿಟ್ಟು ಬರುತ್ತಿತ್ತು. "ತಬ್ಬಿಕೊಳ್ಳೂದಿತ್ತಂದ್ರ ಮೊದಲ ತಬ್ಬಿಕೋಬೇಕಿತ್ತು. ಇಷ್ಟ್ಯಾಕ ದಣೀಬೇಕು?" ಇದಕ್ಕೆ ಆ ಅಮೆರಿಕದವರ ಹತ್ತಿರವಾದರೂ ಉತ್ತರ ಇದ್ದೀತೇ?

ನಿಮ್ಮ ಚಹದ ಪದ್ಧತಿ ಮಾತ್ರ ಮರೆಯಲಾರೆ. ಯಾರ ಬೆನ್ನಾದರೂ ನೆಲಕ್ಕೆ ಹತ್ತಿತೋ, ನಿಮ್ಮ ತೀರ್ಪು ಆಗಿಹೋಯಿತು. "ಚಿತ್ ಆದ. ಚಾ ಇಡ್ತೇನಿ" ಎಂದು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದುಬಿಡುತ್ತಿದ್ದಿರಿ. ಇತ್ತ ಆ ಬಿದ್ದವನೇ ಕೆಳಗಿನಿಂದ ಕಾಲು ಹೆಣೆದು ಮೇಲಿನವನ ಕುತ್ತಿಗೆ ಅಮುಕುತ್ತಿದ್ದ. ಮೇಲಿನವನು ಉಸಿರು ಸಾಲದೆ ಪಟಪಟ ತಟ್ಟಿ ಸೋಲೊಪ್ಪುತ್ತಿದ್ದ. ಅಷ್ಟು ಹೊತ್ತಿಗೆ ನೀವು ಎರಡು ಕಪ್ಪು ಹಿಡಿದುಕೊಂಡು ಬಂದು, "ಹೆಂಗಾತು?" ಎನ್ನುವಿರಿ. "ನೀವು ಹೇಳಿದ್ಹಂಗ ಆತ್ರಿ" ಎನ್ನುತ್ತಿದ್ದೆ. ಬೆನ್ನು ಹತ್ತಿದವನೂ ಗೆಲ್ಲುತ್ತಾನೆ ಎಂದು ಹೇಳಿ ನಿಮ್ಮಪ್ಪನ ಕುಸ್ತಿಯನ್ನು ಸುಳ್ಳು ಮಾಡುವುದು ಯಾತಕ್ಕೆ? ಇಬ್ಬರೂ ಚಹ ಕುಡಿಯುತ್ತಿದ್ದೆವು. ಆಮೇಲೆ ಮತ್ತೆ ವಾರವಿಡೀ ಉಪ್ಪು, ಹುಳಿ, ಹೂಂ.

ಕಳೆದ ರವಿವಾರ ನಿಮ್ಮ ಮಗಳು ಗೌರಿ ಗದಗಿನಿಂದ ಬಂದಿದ್ದಳು. ಇಬ್ಬರೂ ಕೂತು ನಿಮ್ಮ ಸೀರೆಗಳನ್ನು ಮಡಚುತ್ತಿದ್ದೆವು. ಅವಳು ಗಡಿಯಾರ ನೋಡಿ, "ವೈನಿ, ನಿನ್ನ ಬಡದಾಟದ ಹೊತ್ತಾತು. ಟಿವಿ ಹಚ್ಚೂದಿಲ್ಲೇನು?" ಎಂದಳು. ನನ್ನದೆಲ್ಲಿಯ ಬಡಿದಾಟ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನಕ್ಕಳು. "ಪಾಪ, ಅವ್ವ ಹೆಂಗ ಕೂಡ್ತಿದ್ಲೋ ಏನೋ. ಆಕಿಗೆ ರಕ್ತ ನೋಡಿದ್ರ ತಲಿ ತಿರಗ್ತಿತ್ತು. ಅಜ್ಜನ ಮೈಗೆ ಎಣ್ಣಿ, ಅರಿಷಿಣ ಹಚ್ಚಿ ಹಚ್ಚಿ ಸಣ್ಣಾಕಿ ಇದ್ದಾಗಿಂದ ಕುಸ್ತಿ ಅಂದ್ರನ ಬ್ಯಾಸರ. ತಡಕೊಳ್ಳಾಕ ಆಗಲಿಲ್ಲಂದ್ರ ಚಾದ ನೆವ ಮಾಡಿ ಒಳಗ ಹೋಗಿ ನಿಂದರ್ತಿದ್ಲಂತ."

ನನ್ನ ಕೈಯಲ್ಲಿ ನಿಮ್ಮ ಹಸಿರು ಇಳಕಲ್ ಸೀರೆ ಇತ್ತು. ಮತ್ತೆ ಯಾಕೆ ನೋಡುತ್ತಿದ್ದರು ಎಂದು ಕೇಳಿದೆ.

"ನಿನ್ನ ಸಲುವಾಗಿ" ಎಂದಳು ಗೌರಿ. "ನಿಮ್ಮವ್ವ ಹೋದ ಮ್ಯಾಲೆ ನೀ ನಕ್ಕಿದ್ದಿಲ್ಲಂತ. ಆ ಬಡದಾಟ ಬಂದ ದಿನ ಪಲ್ಯೆ ಸೋಸೂದು ಬಿಟ್ಟು, ಹೊಟ್ಟಿ ಹಿಡಕೊಂಡು ನಕ್ಕಿಯಂತ. ಅವತ್ತ ನನಗ ಫೋನ್ ಮಾಡಿದ್ಲು. 'ಗೌರೀ, ಈ ಹುಡುಗಿಗೆ ಅದು ಸೇರ್ತದ. ಒಬ್ಬಾಕಿನ ಕುಂತು ನೋಡೂದು ಬ್ಯಾಡ, ನಾನೂ ಕೂಡ್ತೇನಿ' ಅಂದ್ಲು. ಅಣ್ಣನ ಕಡೆ ಟಿವಿ ಹಚ್ಚೂದು ಕಲಿತದ್ದ ಅದಕ್ಕ."

ನೀವು ನನ್ನನ್ನು 'ಈ ಹುಡುಗಿ' ಎಂದದ್ದು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅತ್ತೆ, ಸೊಸೆ ಇಬ್ಬರೂ ಅಡುಗೆಮನೆಯಲ್ಲೇ ನಿಂತು ಉಪ್ಪಿನ ಮಾತಾಡುತ್ತಿದ್ದೆವಲ್ಲ, ಅಲ್ಲೇ ಒಂದು ಸಲ ಹೇಳಿದ್ದರೆ ಏನಾಗುತ್ತಿತ್ತು? ಹೇಳಿದ್ದರೆ ನಾನು...

ಗೌರಿ ನನ್ನ ಮುಖ ನೋಡಿ, "ಖರೇನ ಅಷ್ಟು ಸೇರ್ತಿತ್ತೇನು ವೈನಿ ನಿನಗ?" ಎಂದಳು. ನೀವು ನನಗಾಗಿ ತಲೆ ತಿರುಗುವುದನ್ನು ತಡೆದುಕೊಂಡು ಕೂತ ಅಷ್ಟೊಂದು ಮುಂಜಾವು ಅವಳ ಕಣ್ಣಲ್ಲಿ ಹುಸಿಯಾಗಬಾರದಲ್ಲ. "ಭಾಳ ಸೇರ್ತಿತ್ತು ಗೌರಿ" ಎಂದೆ. ಅವಳಿಗೆ ಸಮಾಧಾನವಾಯಿತು. ಸೀರೆ ಮಡಚಿ ಇಟ್ಟೆವು, ಊಟ ಮಾಡಿದೆವು, ಅವಳು ಬಸ್ಸು ಹತ್ತಿ ಹೋದಳು. ಅಳು ಆಗಲೂ ಬರಲಿಲ್ಲ. ಬೆರಳಿನ ಗುಳ್ಳೆ ಮಾತ್ರ ಅವತ್ತಿನಿಂದ ಉರಿಯತೊಡಗಿದೆ.

ಅವಳಿಗೆ ಹೇಳದ್ದನ್ನು ನಿಮಗೆ ಹೇಳಿಬಿಡುತ್ತೇನೆ. ಆ ಬಡಿದಾಟ ನನಗೂ ಸೇರುತ್ತಿರಲಿಲ್ಲ ಅತ್ತೀ. ನಿಮಗೆ ಸೇರುತ್ತದೆ ಎಂದು ಕೂತಿದ್ದೆ. ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನಿಜ. ಆದರೆ ಟಿವಿಯ ಆ ಗಂಡಸರನ್ನು ನೋಡಿ ಅಲ್ಲ. ಹಣೆತುಂಬ ವಿಭೂತಿ ಹಚ್ಚಿಕೊಂಡು, ಎದ್ದು ನಿಂತು, ಪಂಚರನ್ನು ಕೂಗುತ್ತಿದ್ದ ನಿಮ್ಮನ್ನು ನೋಡಿ.

ನಿಮ್ಮ ಹುಡುಗಿ,
ಸುಮಾ