ಗಡ್ಡ ತಂದ ಫಜೀತಿ

ಗೌರಿ,

ಸ್ಕೂಲಿಂದ ಬಂದವಳು ಒಳಗೆ ನುಗ್ಗಬೇಡ, ಮೊದಲು ಇದನ್ನು ಓದು. ರೂಮಿನಲ್ಲಿ ನಿಮ್ಮಮ್ಮ ಮಲಗಿದ್ದಾರೆ. ಹೆಬ್ಬೂರಿಂದ ಹತ್ತರ ಬಸ್ಸಿಗೆ ಬಂದರು.

ತಪ್ಪು ನನ್ನ ಗಡ್ಡದ್ದು. ಕಾದಂಬರಿ ಮುಗಿಯುವವರೆಗೆ ಗಡ್ಡ ತೆಗೆಯಲ್ಲ, ಹಾಗಾದರೂ ಹುರುಪು ಬರಲಿ ಎಂದು ಶಪಥ ಮಾಡಿದ್ದೆನಲ್ಲ? ಮೂರು ತಿಂಗಳಲ್ಲಿ ನೆಟ್ಟಗೆ ಬೆಳೆದದ್ದು ಗಡ್ಡ ಒಂದೇ. ಬಸುರಿಯ ಗಂಡ ಗಡ್ಡ ಬಿಡುತ್ತಾನೆ ಎನ್ನುವುದು ಈ ಮಹಾನ್ ಲೇಖಕನಿಗೆ ಹೊಳೆಯಲಿಲ್ಲ. ಬಟವಾಡಿ ಸ್ಟಾಪಿನಲ್ಲಿ ನನ್ನನ್ನು ನೋಡಿದ ನಿಮ್ಮೂರಿನವರಿಗೆ ಹೊಳೆದಿದೆ, ಹೋಗಿ ನಿಮ್ಮಮ್ಮನ ಕಿವಿಗೆ ಹಾಕಿದ್ದಾರೆ.

ನಾನು ಹಾಳೆ ಹರಡಿಕೊಂಡು ಕೂತಿದ್ದೆ. ನಿಮ್ಮಮ್ಮ ಬಂದವರೇ, "ಎಷ್ಟ್ ತಿಂಗ್ಳಾಯ್ತು ಅಳಿಯಂದ್ರೆ? ನಮ್ಗೊಂದ್ ಮಾತ್ ಹೇಳ್ಬಾರ್ದಾ?" ಅಂದರು. ಕಾದಂಬರಿ ವಿಷಯ ಎಂದುಕೊಂಡು, "ಮೂರು ತುಂಬ್ತು ಅತ್ತೆ, ತುಂಬಾ ಸುಸ್ತು" ಅಂದುಬಿಟ್ಟೆ. ಅವರು ಕಣ್ಣೊರೆಸಿಕೊಂಡು ಚೀಲದಿಂದ ಹಸಿರು ಬಳೆ ತೆಗೆದಾಗಲೇ ಅರ್ಥವಾದದ್ದು. ಐದು ವರ್ಷದಿಂದ ಕಾದ ಮುಖ ಅದು, ಅಂಥದ್ದೇನೂ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನೆಂಟರಿಗೆಲ್ಲ ಸುದ್ದಿ ಹೇಳಲು ಎಸ್‌ಟಿಡಿ ಬೂತಿಗೆ ಹೊರಟವರನ್ನು ಊಟ ಹಾಕಿ ಮಲಗಿಸಿದ್ದೇನೆ, ಅಷ್ಟೇ.

ನೀನೇ ಹೇಳು, ಮೆತ್ತಗೆ ಹೇಳು. ನಾನು ಹೇಡಿ, ಸೆಕೆಂಡ್ ಶಿಫ್ಟಿಗೆ ಓಡುತ್ತಿದ್ದೇನೆ. ಮೇಜಿನ ಮೇಲಿನ ಹಾಳೆ ಜೋಡಿಸಬೇಡ. ಪತ್ರಿಕೆಯ ಸ್ಪರ್ಧೆಗೆ ಶನಿವಾರವೇ ಕಡೇ ದಿನ, ಇನ್ನೂ ಒಂಬತ್ತು ಅಧ್ಯಾಯ ಬಾಕಿ.

ಬಯಕೆಗೆ ಅಂತ ತಂದ ಕೋಡುಬಳೆ ಮಾತ್ರ ವಾಪಸ್ ಕಳಿಸಬೇಡ. ದಿನ ತುಂಬಿರುವುದು ಅಳಿಯನಿಗೆ ಅಂತ ಹೇಳು.

ದಯಾನಂದ